ಹಾವಗೆಪ್ಪನ ಸಿಕ್ಕಾ ಪುಸ್ತಕ

ಭಾಲ್ಕಿಯ ಕಚೇರಿ ಎದುರು ರಬ್ಬರ್ ಸಿಕ್ಕಾ, ಎಂದರೆ ಮೊಹರು, ಕೆತ್ತುವ ಹಾವಗೆಪ್ಪನ ಬಳಿ ಒಂದು ಹಳೆಯ ಪುಸ್ತಕವಿದೆ. ಕೆತ್ತಿದ ಪ್ರತಿ ಸಿಕ್ಕಾದ ಮೊದಲ ಅಚ್ಚು ಅದರಲ್ಲೇ ಬೀಳಬೇಕು. ಅಪ್ಪನ ಕಾಲದ ಹಾಳೆಗಳಲ್ಲಿ ಉರ್ದು ಅಕ್ಷರದ ದೇಶಮುಖರು, ಆಮೇಲೆ ಸೊಸಾಯಿಟಿಗಳು, ಮಠಗಳು, ಸಾಹೇಬರುಗಳು. ಹುದ್ದೆ ಸಣ್ಣದಾದಷ್ಟೂ ಹೆಸರು ದೊಡ್ಡದಾಗಿಯೇ ಬೇಕು, ಅಬ್ಬಾ ಅವರ ಹಟವೇ! ಮೊದಲ ಪುಟದಲ್ಲಿ ಮಾತ್ರ ಅಪ್ಪ ತನಗಾಗಿ ಕೆತ್ತಿಕೊಂಡದ್ದು: ‘ಬಸವಾ, ನಿನ್ನ ಆಳಿನ ಕೈ ಹಿಡಿ.’

ಅದಕ್ಕೂ ಕಾರಣವಿತ್ತು. ಅಪ್ಪ ಒಮ್ಮೆ ಯಾರದೋ ಮಾತು ನಂಬಿ ಕಚೇರಿಯ ಸಿಕ್ಕಾ ಕೆತ್ತಿಕೊಟ್ಟಿದ್ದ. ಅದನ್ನು ಒತ್ತಿದ ಸುಳ್ಳು ಕಾಗದದಿಂದ ಕಮಠಾಣದ ಒಬ್ಬ ವಿಧವೆಯ ಹೊಲ ಹೋಯಿತು. ಹಳೆ ಸಿಕ್ಕಾ ಇಲ್ಲವೇ ಮೇಲಧಿಕಾರಿಯ ಸಿಕ್ಕಾ ಒತ್ತಿದ ಪತ್ರವಿಲ್ಲದೆ ಈ ಮನೆಯವರು ಹೊಸದು ಕೆತ್ತಬಾರದೆಂದು ಅಂದೇ ಲಿಂಗ ಮುಟ್ಟಿ ಆಣೆಯಿಟ್ಟ. ಹಾವಗೆಪ್ಪನಿಂದಲೂ ಇಡಿಸಿದ.

ಇವತ್ತು ಮಗಳು ಶೈಲಶ್ರೀ ಎದುರು ನಿಂತಿದ್ದಾಳೆ. ಬೀದರಿನ ನರ್ಸಿಂಗ್ ಸೀಟಿಗೆ ಐದು ಗಂಟೆಗೆ ಗಡುವು. ಔರಾದದ ಸೋದರತ್ತೆ ಮನೆಯಲ್ಲಿದ್ದು ಅವಳು ಓದಿದ ಶಾಲೆಯ ಸರ್ಟಿಫಿಕೇಟಿಗೆ ಸಹಿಯಿದೆ, ಸಿಕ್ಕಾ ಇಲ್ಲ. ಶಾಲೆಯ ಅಲಮಾರಿ ಸಾಗಿಸುವಾಗ ಅದು ಕಳೆದಿದೆ. ಹೆಡ್‌ಮಾಸ್ತರ ಅನೀಲಕುಮಾರ ಪಾಪ, ತಾವೇ ಜೊತೆಗೆ ಬಂದಿದ್ದಾರೆ.

“ನೀವೇ ಕೆತ್ತಿದ್ದಲ್ರಿ ಅದು? ಅಚ್ಚು ನಿಮ್ಮ ಪುಸ್ತಕದಾಗೇ ಅದ. ಅರ್ಧಾ ತಾಸಿನ ಕೆಲಸ.”

“ಪತ್ರ ಕೊಡ್ರಿ ಸರ್, ಈಗೇ ಕೂಡ್ತೇನಿ.”

“ಪತ್ರಕ್ಕ ಒತ್ಲಿಕ್ಕೇ ಸಿಕ್ಕಾ ಇಲ್ಲಲ್ರಿ! ಮ್ಯಾಲಿನ ಸಾಹೇಬ್ರು ರಜಾದಾಗ ಅದಾರ.”

ಹಾವಗೆಪ್ಪ ರಬ್ಬರ್ ತುಂಡು ತೆಗೆದ, ಚಾಕು ಹಿಡಿದ, ಕೆಳಗಿಟ್ಟ. ಮತ್ತೆ ಹಿಡಿದ.

“ಅಪ್ಪಾ, ಇದು ಯಾರ ಹೊಲಾನೂ ಅಲ್ಲ. ನಾ ಓದಿದ್ದು ಖರೇನೇ ಅದಲ್ಲ?”

“ಖರೇ ಅದವ್ವಾ.”

“ಮತ್ತ ಯಾಕ?”

ಅವನು ಚಾಕು ಕೆಳಗಿಟ್ಟು, ಪುಸ್ತಕದ ಮೊದಲ ಪುಟ ತೆರೆದು ಅವಳ ಮುಂದೆ ಹಿಡಿದ. ಮೂರೂವರೆಯ ಬಸ್ಸು ಹಾರ್ನ್ ಹಾಕಿ ಹೋಯಿತು. ಅದು ತಪ್ಪಿದ ಮೇಲೆ ಐದರೊಳಗೆ ಬೀದರ ಮುಟ್ಟುವ ಮಾತೇ ಇಲ್ಲ. ಹೆಡ್‌ಮಾಸ್ತರರು ತಲೆ ತಗ್ಗಿಸಿ ಹೊರಟುಹೋದರು.

ಶೈಲಶ್ರೀ ಕಣ್ಣೊರೆಸಿಕೊಂಡು ಡ್ರಾವರಿನಿಂದ ಅಜ್ಜನ ಸಿಕ್ಕಾ ತೆಗೆದಳು. ಮಸಿಗೆ ಅದ್ದಿ, ಸರ್ಟಿಫಿಕೇಟಿನ ಖಾಲಿ ಜಾಗದಲ್ಲಿ ಗಟ್ಟಿಯಾಗಿ ಒತ್ತಿದಳು. ‘ಬಸವಾ, ನಿನ್ನ ಆಳಿನ ಕೈ ಹಿಡಿ’ ಸ್ಪಷ್ಟವಾಗಿ ಬಿತ್ತು.

“ಇದಕ್ಕ ಯಾರ ಪತ್ರಾನೂ ಬ್ಯಾಡಲ್ಲಪ್ಪಾ,” ಎಂದು ಕಾಗದವನ್ನು ಅವನ ತೊಡೆಯ ಮೇಲಿಟ್ಟಳು.