ತೂಕಕ್ಕೆ ಮುಂಚಿನ ನೀರು

ಮೋಡ ಕಂಡರೆ ಸಿಡಿಲಿನ ಚಿಂತೆ, ಮೋಡವಿಲ್ಲದಿದ್ದರೆ ಬಿಸಿಲಿನ ಚಿಂತೆ. ನಾನು ಐವತ್ತು ದಾಟಿದ್ದು ಹೀಗೆಯೇ. ಹೋದ ಬೇಸಿಗೆಯಲ್ಲಿ ಚಿಂತೆಗೆ ಗಟ್ಟಿ ಕಾರಣವೇ ಸಿಕ್ಕಿತು. ಸಾಸ್ವೆಹಳ್ಳಿಯ ನಮ್ಮ ಹಿತ್ತಲಿನಲ್ಲಿ ಸಾಕಿದ್ದ ಟಗರುಗಳನ್ನೆಲ್ಲ ಜಗಳೂರು ಕಡೆಯ ವ್ಯಾಪಾರಿಯೊಬ್ಬರಿಗೆ ಕೊಡುವುದಾಗಿ ಮಾತಾಗಿತ್ತು. ಮಾಂಸಕ್ಕೆ ಹೋಗುವವು ಎಂದು ನನಗೂ ಗೊತ್ತು, ಹೆಂಡತಿಗೂ ಗೊತ್ತು. ಅವುಗಳಲ್ಲಿ ಕಪ್ಪು ಕಿವಿಯದೊಂದು, ತಾಯಿ ಸತ್ತ ಮೇಲೆ ಹೆಂಡತಿಯ ಕೈಯಿಂದ ಬಾಟಲಿಯ ಹಾಲು ಕುಡಿದು ಬೆಳೆದದ್ದು. ಅವಳು ಹೇಳಿದ್ದು ಇಷ್ಟೇ: "ಕೊಡ್ರಿ, ಬ್ಯಾಡ ಅನ್ನಲ್ಲ. ದಾರೀಲಿ ಮಾತ್ರ ಅದು ಒದ್ದಾಡಬಾರ್ದು."

ಬೆಳಕು ಹರಿಯುವ ಮೊದಲೇ ಬರುತ್ತೇನೆ, ತೂಕವಾಗುವ ತನಕ ನೀರು ತೋರಿಸಬೇಡಿ ಎಂದಿದ್ದರು ವ್ಯಾಪಾರಿ. ಹೊಟ್ಟೆ ತುಂಬ ನೀರು ಕುಡಿಸಿ ತಕ್ಕಡಿಗೆ ಹತ್ತಿಸುವವರು ನಮ್ಮ ಕಡೆ ಇಲ್ಲದಿಲ್ಲ. ಬಿಸಿಲು ನೆತ್ತಿಗೆ ಬಂದರೂ ಗಾಡಿ ಬರಲಿಲ್ಲ. ಫೋನ್ ಮಾಡಿದರೆ, ಚನ್ನಗಿರಿ ಹತ್ತಿರ ಪಂಕ್ಚರ್ ಆಗಿದೆ ಎಂದರು. ಕಪ್ಪು ಕಿವಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

"ನೀರಿಡ್ರಿ," ಎಂದಳು ಹೆಂಡತಿ.

"ಮೋಸ ಮಾಡ್ದ ಅಂತಾರೆ ಕಣೆ."

"ಅನ್ನಲಿ ಬಿಡ್ರಿ. ಬಾಯಾರಿರೋದು ಅದಕ್ಕೆ, ನಿಮ್ಮ ಮರ್ಯಾದಿಗಲ್ಲ."

ಇಟ್ಟೆ. ಟಗರಿನ ಗದ್ದದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, ಬೇರೆ ಊರಿನ ಕುರಿಗಳನ್ನು ಹೇರಿಕೊಂಡಿದ್ದ ಗಾಡಿ ಬಂದು ನಿಂತಿತು. ನನ್ನ ಅದೃಷ್ಟ ಸಮಯಪಾಲನೆಯಲ್ಲಿ ಎಂದೂ ತಪ್ಪಿದ್ದಿಲ್ಲ.

"ಏನ್ ಯಜಮಾನ್ರೆ, ಟಗರು ತೂಗಾನಾ, ಬಕೀಟು ತೂಗಾನಾ?" ಎಂದರು ವ್ಯಾಪಾರಿ.

"ಒಂದು ಬಕೀಟಿನ ತೂಕ ಕಳೀರಿ. ಬೇಕಾದ್ರೆ ಎರಡು ಕಳೀರಿ."

ತನಗೇ ನಷ್ಟವಾಗುವಂತೆ ಚೌಕಾಸಿ ಮಾಡುವವನನ್ನು ಅವರು ಮೊದಲ ಸಲ ನೋಡಿದಂತಿತ್ತು. ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಗಾಡಿಯಾಗಿರೋವಕ್ಕೂ ನೀರು ಕೊಡಾನ. ಬಿಸಿಲು ಇಳಿಯಾತನಕ ಎಲ್ಲಾ ಇಲ್ಲೇ ಇರ್ಲಿ," ಎಂದೆ.

"ನಿಂತ ಗಾಡಿ ಒಲೆ ಇದ್ದಂಗೆ ರೀ. ಓಡಿದ್ರೇ ಅವಕ್ಕೆ ಗಾಳಿ."

"ಕೆಳಗಿಳಿಸಾನ. ಬೇವಿನ ಮರ ಐತಲ್ಲ. ನಾನೂ ಕೈ ಹಾಕ್ತೀನಿ."

"ನ್ಯಾಮತಿಯಾಗೆ ಬ್ಯಾರೆ ಕುರಿ ಹೇರಾಕೆ ಐತೆ ನಂಗೆ." ಅವರು ಆಕಾಶ ನೋಡಿದರು. ಗಾಡಿಯೊಳಗೆ ತಲೆ ಜೋತು ಹಾಕಿ ನಿಂತ ಕುರಿಗಳನ್ನೂ ನೋಡಿದರು. "ದಾರ್ಯಾಗೆ ಒಂದು ಬಿದ್ರೂ ಲುಕ್ಸಾನು ನಂದೇ. ಊಟ ಐತೇನ್ರಿ ಮನ್ಯಾಗೆ?"

ಊಟವಿತ್ತು. ಒಂದು ಬಕೆಟ್ಟಿನ ತೂಕ ಕಳೆದು ಟಗರುಗಳನ್ನು ತೂಗಿಯೂ ಆಯಿತು. ಇಳಿಹೊತ್ತಿನವರೆಗೂ ಕುರಿಗಳೆಲ್ಲ ನೆರಳಲ್ಲಿ ಮಲಗಿದವು. ಹೆಂಡತಿ ಒಂದೊಂದರ ಕಾಲಿಗೂ ನೀರು ಚಿಮುಕಿಸಿದಳು. ಹೊಳೆ ಕಡೆಯಿಂದ ಗಾಳಿ ಬೀಸತೊಡಗಿದಾಗ ಅವುಗಳನ್ನು ಹತ್ತಿಸಿದೆವು. ಉಳಿದವನ್ನು ಎಳೆಯಬೇಕಾಯಿತು. ಕಪ್ಪು ಕಿವಿ ಮಾತ್ರ ಅವಳ ಕೈಯಲ್ಲಿದ್ದ ಖಾಲಿ ಬಕೆಟ್ಟಿನ ಹಿಂದೆಯೇ ಹಲಗೆ ಹತ್ತಿ ಹೋಯಿತು. ಅವಳು ಇಳಿದು ಬಂದ ಮೇಲೂ ಸರಳುಗಳ ನಡುವೆ ಮುಖ ತೂರಿಸಿ ಬಕೆಟ್ಟನ್ನೇ ನೋಡುತ್ತಿತ್ತು.

ಮರುದಿನ ಬೆಳಗ್ಗೆ ತಡೆಯಲಾರದೆ ಫೋನ್ ಮಾಡಿದೆ.

"ಒಂದೂ ಸುಸ್ತಾಗಿಲ್ಲ ಯಜಮಾನ್ರೆ. ಎಲ್ಲಾ ಚೆಂದಾಗಿ ಇಳಿದ್ವು," ಎಂದರು.

ಎದೆಯ ಭಾರ ಇಳಿದಂತಾಯಿತು. ಇನ್ನು ಚಿಂತಿಸಲು ಅಲ್ಲಿ ಟಗರುಗಳೇ ಉಳಿದಿರಲಾರವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಏನಂತೆ?" ಹೆಂಡತಿ ಒಳಗಿನಿಂದ ಕೇಳಿದಳು.

"ದಾರೀಲಿ ಒದ್ದಾಡಿಲ್ವಂತೆ."

ಅವಳು ದಿನದ ಅಭ್ಯಾಸದಂತೆ ಬಕೆಟ್ ತುಂಬಿಕೊಂಡು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ, ಬೇವಿನ ಬುಡಕ್ಕೆ ನೀರು ಸುರಿದ ಸದ್ದು ಕೇಳಿಸಿತು.