ಅಲ್ವಾ ಎಂದು ಕೇಳದ ಸಿಸ್ಟರ್

ಇವತ್ತು ಬೆಳಿಗ್ಗೆ ರಕ್ತ ತೆಗೆಯಲು ಲ್ಯಾಬಿನ ಹುಡುಗಿ ಮನೆಗೇ ಬಂದಿದ್ದಳಲ್ಲ, ಅವಳು ಹೋಗಿ ಎಷ್ಟು ಹೊತ್ತಾದರೂ ಕೋಣೆಯಲ್ಲಿ ಸ್ಪಿರಿಟಿನ ವಾಸನೆ ಉಳಿದಿದೆ. ನನ್ನ ಹೆಸರು ಕೇಳದೆಯೇ ತೋಳಿಗೆ ಹತ್ತಿ ಉಜ್ಜಿದಳೆಂದು ನಾನು ಕೈ ಎಳೆದುಕೊಂಡೆ. ನಿಮಗೆ ನಾಚಿಕೆಯಾಯಿತು. “ಅಜ್ಜಿಗೆ ಎಲ್ಲರ ಮೇಲೂ ಡೌಟು” ಎಂದಿರಿ. ನನಗೆ ಎದುರು ಮಾತಾಡಲು ಬರುವುದಿಲ್ಲ, ಅದು ನಿಮಗೆ ಗೊತ್ತು. ಆ ವಾಸನೆ ಹೋಗುವ ಮೊದಲು ಕುಳಿತು ಬರೆಯುತ್ತಿದ್ದೇನೆ.

ನೀವು ಹುಟ್ಟುವ ಮೊದಲಿನ ಮಾತು. ನಿಮ್ಮ ಅಜ್ಜನಿಗೆ ಹರ್ನಿಯಾ ಆಪರೇಷನ್ ಆಗಿ ಅತ್ತಾವರದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದರು. ಜನರಲ್ ವಾರ್ಡು. ಅಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದರು. ಕಪ್ಪು, ದಪ್ಪ, ನಗು ಅಪರೂಪ. ಅವರು ಮಾತ್ರೆ ತಂದಾಗ ಹೆಸರು ಕೇಳುತ್ತಿದ್ದರು. ಇಂಜೆಕ್ಷನ್ ತಂದಾಗ ಕೇಳುತ್ತಿದ್ದರು. ಡ್ರಿಪ್ ಬದಲಿಸುವಾಗಲೂ ಕೇಳುತ್ತಿದ್ದರು. ಬೆಳಿಗ್ಗೆ ತಾನೇ ಮುಖ ನೋಡಿ ಹೋದವರು ಮಧ್ಯಾಹ್ನ ಬಂದು ಯಾರೋ ಹೊಸಬರನ್ನು ನೋಡಿದ ಹಾಗೆ ಕೇಳುತ್ತಿದ್ದರು.

ಅಜ್ಜನಿಗೆ ತಮಾಷೆ. “ಬೆಳಿಗ್ಗೆ ಇದ್ದ ಹೆಸರೇ ಸಿಸ್ಟರ್, ಇನ್ನೂ ಬದಲಾಯಿಸ್ಲಿಲ್ಲ.”

“ಬದಲಾಯಿಸ್ಲಿಲ್ಲ ಅಂತಾದ್ರೆ ಅದನ್ನೇ ಹೇಳಿ.”

ನನಗೆ ಮಾತ್ರ ಆ ಹೆಂಗಸಿನ ಮೇಲೆ ಸಂಶಯ ಶುರುವಾಯಿತು. ಇವರಿಗೆ ಮರೆವಿನ ರೋಗವೇನಾದರೂ ಉಂಟೋ? ಮರೆಯುವವರ ಕೈಗೆ ಸೂಜಿ ಕೊಟ್ಟಿದ್ದಾರಲ್ಲ! ಅಥವಾ ನಾವು ಬೇರೆ ಯಾರದೋ ಹೆಸರಿನಲ್ಲಿ ಬಂದು ಮಲಗಿದ್ದೇವೆ ಎಂದುಕೊಂಡಿದ್ದಾರೋ? ಅವರು ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಡಾಕ್ಟರು ಹೇಳಿದ ಮದ್ದನ್ನು ತಾವು ಒಮ್ಮೆ ತಿರುಗಿ ಹೇಳಿ, ಅವರು ಹೌದೆಂದ ಮೇಲೆಯೇ ಕದಲುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆ. ನಾನು ನೋಡುತ್ತಿದ್ದೇನೆಂದು ಅವರಿಗೂ ಗೊತ್ತಿತ್ತು.

ಒಂದು ದಿನ ವಾರ್ಡಿನ ಮಾಡಿನಿಂದ ನೀರು ಸೋರಿ, ನಾಲ್ಕಾರು ಮಂಚಗಳನ್ನು ಅತ್ತಿತ್ತ ಸರಿಸಿದರು. ನಮ್ಮನ್ನು ಬಾಗಿಲ ಬದಿಯಿಂದ ಒಳಗೆ ತಂದರು, ಅಲ್ಲಿದ್ದವರು ನಾವಿದ್ದಲ್ಲಿಗೆ ಹೋದರು. ಮಧ್ಯಾಹ್ನದ ಊಟದ ಗಾಡಿ ಬರುವ ಹೊತ್ತು. ನೋವಿನ ಮದ್ದಿಗೆ ನಿಮ್ಮ ಅಜ್ಜನಿಗೆ ಗಾಢ ನಿದ್ದೆ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬಳು ನರ್ಸ್ ಇಂಜೆಕ್ಷನ್ ಹಿಡಿದುಕೊಂಡು ಬಂದಳು.

“ಇವರ ಹೆಸರು ಹೇಳಿ ಆಂಟಿ.”

ನಾನು ಹೇಗೆ ಹೇಳಲಿ? ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಮದುವೆಯಾದ ಹೊಸತರಲ್ಲೇ ಹೇಳಿಕೊಟ್ಟಿದ್ದರು. ರೇಷನ್ ಅಂಗಡಿಯಲ್ಲಿ, ಶಾಲೆಯಲ್ಲಿ, ಎಲ್ಲಿಯೂ ನಾನು ಹೇಳಿದವಳಲ್ಲ. ಯಾರಾದರೂ ಕೇಳಿದರೆ ಸುಳಿವು ಕೊಡುವುದು ನಮ್ಮ ಕ್ರಮ.

“ಈಶ್ವರ ದೇವರ ಹೆಸರು” ಎಂದೆ.

ಹುಡುಗಿ ನಕ್ಕಳು. “ಶಂಕರ ಅಲ್ವಾ?”

“ಹೌದು… ಅದೇ ದೇವರು.”

ಅವಳು ಹತ್ತಿಯಿಂದ ಅಜ್ಜನ ತೋಳು ಒರೆಸಿದಳು. ಸ್ಪಿರಿಟಿನ ವಾಸನೆ ಬಂತು. ಅಷ್ಟರಲ್ಲಿ ಆಚೆ ಮಂಚದ ಹತ್ತಿರ ಯಾರಿಗೋ ಪಟ್ಟಿ ಕಟ್ಟುತ್ತಿದ್ದ ಹಿರಿಯ ಸಿಸ್ಟರ್ “ನಿಲ್ಲು!” ಎಂದರು. ಕಟ್ಟುತ್ತಿದ್ದ ಪಟ್ಟಿಯನ್ನು ಆ ರೋಗಿಯ ಕೈಗೇ ಕೊಟ್ಟು, “ಹಿಡ್ಕೊಳ್ಳಿ” ಎಂದು ನಮ್ಮಲ್ಲಿಗೆ ಬಂದರು.

“ಅಮ್ಮಾ, ದೇವರು ಯಾರು ಅಂತ ನಾವು ಕೇಳ್ಲಿಲ್ಲ. ಇವರ ಹೆಸರು ಎಂತ?”

ನಾನು ಸೆರಗು ಹಿಡಿದುಕೊಂಡು ನೆಲ ನೋಡಿದೆ. ಇಡೀ ವಾರ್ಡು ನನ್ನನ್ನು ನೋಡುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು. ಬೇಕೆಂದೇ ನನ್ನ ಮರ್ಯಾದೆ ತೆಗೆಯಲು ಹೊರಟಿದ್ದಾಳೆ ಈ ಹೆಂಗಸು ಎಂದುಕೊಂಡೆ.

ಪಕ್ಕದ ಮಂಚದವರ ಹೆಂಡತಿ, ಉಳ್ಳಾಲದ ಕಡೆಯ ಒಬ್ಬರು ಬ್ಯಾರಿ ಹೆಂಗಸು, “ಹೇಳಿ ಮಾರಾಯ್ರೆ! ಗಂಡನ ಹೆಸರು ಹೇಳಿದ್ರೆ ನಾಲಿಗೆ ಎಂತ ಕೆಳಗೆ ಬೀಳ್ತದಾ?” ಎಂದರು. ಯಾರೋ ನಕ್ಕರು.

“ನೀವು ಹೇಳ್ದೆ ಈ ಸೂಜಿ ಹಾಕ್ಲಿಕ್ಕೆ ನಾನು ಬಿಡುದಿಲ್ಲ” ಎಂದರು ಸಿಸ್ಟರ್.

ಹೇಳಿದೆ. ನನಗೇ ಕೇಳಿಸದಷ್ಟು ಸಣ್ಣಗೆ.

“ಜೋರಾಗಿ.”

“ವಿಶ್ವನಾಥ.”

ಆಗ ಬಾಗಿಲ ಬದಿಯಿಂದ, ನಾವು ಬೆಳಿಗ್ಗೆಯವರೆಗೆ ಇದ್ದ ಜಾಗದಿಂದ, ಒಬ್ಬರು ಮುದುಕರು ಊಟದ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂಗಿದರು. “ಶಂಕರ ಇಲ್ಲಿದ್ದಾನೆ! ಸಕ್ಕರೆ ಇಂಜೆಕ್ಷನ್ ಕೊಡದೆ ಉಣ್ಬಾರ್ದು ಅಂತೀರಿ, ಗಂಜಿ ತಣಿದು ಹೋಯ್ತು.”

ಆ ಹುಡುಗಿಯ ಕೈಯಲ್ಲಿದ್ದದ್ದು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್. ನಿಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಹಿಂದಿನ ದಿನದಿಂದ ಹೊಟ್ಟೆಗೆ ಸರಿಯಾಗಿ ಏನೂ ಹೋಗಿರಲಿಲ್ಲ. ನಿದ್ದೆಯಲ್ಲೇ… ಅದನ್ನು ನಾನು ಬರೆಯುವುದಿಲ್ಲ.

ಹುಡುಗಿ ಅಳಲು ಶುರು ಮಾಡಿದಳು. ಸಿಸ್ಟರ್ ಬೈಯುತ್ತಾರೆಂದು ನಾನು ಕಾದೆ, ಬೈಯಲಿಲ್ಲ. “ನೀನು ಹೆಸರು ಕೇಳಿದ್ದು ಸರಿ. ಆಮೇಲೆ ಶಂಕರ ಅಲ್ವಾ ಅಂದೆ ನೋಡು, ಅಲ್ಲಿ ತಪ್ಪಿದ್ದು. ಅಲ್ವಾ ಅಂತ ಕೇಳಿದ್ರೆ ನಮ್ಮ ಜನ ಹೌದು ಅಂತಾರೆ. ಮರ್ಯಾದೆಗೆ ಹೌದು ಅಂತಾರೆ. ಹೆಸರು ಅವರ ಬಾಯಿಂದಲೇ ಬರ್ಬೇಕು” ಎಂದರು. ಮರುದಿನದಿಂದ ಆ ವಾರ್ಡಿನಲ್ಲಿ ಯಾವ ನರ್ಸೂ ತಾನಾಗಿ ರೋಗಿಯ ಹೆಸರು ಹೇಳುವಂತಿರಲಿಲ್ಲ. ಈ ಸಂಗತಿಯನ್ನು ಸಿಸ್ಟರೇ ಮೇಲಿನವರಿಗೆ ತಿಳಿಸಿ, ಹಾಗೆಂದು ಕ್ರಮ ಮಾಡಿಸಿದರಂತೆ.

ನನಗೆ ಸಂಶಯ ಹೋಗಲಿಲ್ಲ, ಹೆಚ್ಚಾಯಿತು. ಇದಕ್ಕೆ ಮೊದಲು ಹೀಗೆ ಎಷ್ಟು ಸಲ ಆಗಿರಬಹುದು? ಬೇರೆ ವಾರ್ಡುಗಳಲ್ಲಿ? ಮನೆಗೆ ಹೊರಡುವ ದಿನ ಧೈರ್ಯ ಮಾಡಿ ಸಿಸ್ಟರನ್ನೇ ಕೇಳಿದೆ. “ನಿಮಗೆ ನಮ್ಮ ಮೇಲೆ ಅಷ್ಟು ಸಂಶಯ ಯಾಕೆ?”

“ನನಗೆ ನನ್ನ ಕೈ ಮೇಲೆಯೇ ಸಂಶಯ ಅಮ್ಮ. ಮತ್ತೆ ನಿಮ್ಮನ್ನು ಬಿಡ್ತೇನಾ?” ಎಂದರು. ಆಗ ಸ್ವಲ್ಪ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ನೀವು ನನ್ನ ಕೈ ನೋಡ್ತಾ ಕೂತಿದ್ರಲ್ಲ, ಅದು ಒಳ್ಳೇದೇ. ಬೇರೆಯವರದ್ದೂ ನೋಡಿ” ಎಂದರು.

ನಿಮ್ಮ ಅಜ್ಜ, ನನ್ನ ಬಾಯಿಂದ ಬಂದ ತಮ್ಮ ಹೆಸರು ನಿದ್ದೆಯಲ್ಲಿ ಕೇಳಿಸಲೇ ಇಲ್ಲವಲ್ಲ ಎಂದು ಬಹಳ ಕೊರಗಿದರು. “ಊರಿಗೆಲ್ಲ ಕೇಳಿಸಿದ್ದಾಳೆ, ನನಗೆ ಮಾತ್ರ ಇಲ್ಲ. ಇನ್ನೊಮ್ಮೆ ಹೇಳು ನೋಡುವ” ಎಂದು ಕುದ್ರೋಳಿಯ ಈ ಮನೆಯ ಜಗಲಿಯಲ್ಲಿ ಕುಳಿತು ಕಾಡುತ್ತಿದ್ದರು. ನಾನು ಒಳಗೆ ಓಡುತ್ತಿದ್ದೆ.

ಸಿಸ್ಟರ್ ನಿವೃತ್ತರಾಗಿ ಊರಿಗೆ ಹೋದರೆಂದು ಕೇಳಿದ್ದೆ. ಆಮೇಲೆ ತೀರಿಕೊಂಡರೆಂದೂ ಯಾರೋ ಹೇಳಿದರು… ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಅಜ್ಜನ ಕೊನೆಯ ಕಾಯಿಲೆಯಲ್ಲಿ ನಾವಿದ್ದದ್ದು ಬೇರೆ ಆಸ್ಪತ್ರೆ. ಅಲ್ಲಿ ಯಾರು ಸೂಜಿ ಹಿಡಿದು ಬಂದರೂ, ಅವರು ಕೇಳುವ ಮೊದಲೇ ನಾನು ಎದ್ದು ನಿಂತು ಹೆಸರು ಹೇಳುತ್ತಿದ್ದೆ. ಅವರಿಗೆ ಕಿರಿಕಿರಿಯಾಗುತ್ತಿತ್ತು. ಮಲಗಿದ್ದ ನಿಮ್ಮ ಅಜ್ಜ ಮಾತ್ರ ಪ್ರತಿ ಸಲವೂ ಕಣ್ಣು ತೆರೆದು ನನ್ನ ಕಡೆ ನೋಡುತ್ತಿದ್ದರು.

ಕೊನೆಗೆ ಅವರ ದೇಹವನ್ನು ನಮಗೆ ಒಪ್ಪಿಸುವಾಗ ಅಲ್ಲಿನವರು ಒಮ್ಮೆ ಹೆಸರು ಕೇಳಿದರು. ನಿಮ್ಮ ಅಪ್ಪ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. ಆಮೇಲೆ ಯಾರೂ ನನ್ನನ್ನು ಆ ಹೆಸರು ಕೇಳಿಲ್ಲ.