ಸಪ್ಪಲಮ್ಮ ಹೂವು ಕೊಡದೆ ಕಾಪಾಡಿದಳು

ತಾಯಿ ಸಪ್ಪಲಮ್ಮನನ್ನು ನಂಬಿದ ಎಲ್ಲರಿಗೂ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ನನ್ನ ಹೆಂಡತಿ ಶೈಲ ಕೆನಡಾದಲ್ಲಿ ಬಸುರಿ, ನಾನು ಬಂಗಾರಪೇಟೆಯಲ್ಲಿ. ಅವಳ ಹತ್ತಿರ ಯಾವ ದಾರಿಯಲ್ಲಿ ಹೋಗಬೇಕೆಂದು ತಿಳಿಯದೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಕಲಿತು ಸ್ವಂತ ಅಂಗಡಿ ಇಟ್ಟಿದ್ದೇನೆ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಶೈಲ ನನ್ನ ಅಕ್ಕ ರತ್ನಮ್ಮನ ಮಗಳು. ಅಕ್ಕನ ಮಗಳನ್ನು ಮನೆಗೆ ತರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅವಳು ನರ್ಸಿಂಗ್ ಓದಿ ಕೆನಡಾಕ್ಕೆ ಹೋಗಿ, ಅಲ್ಲಿ ಕಾಯಂ ಆಗಿ ಇರಲು ಅನುಮತಿ ಸಿಕ್ಕಿದ ಮೇಲೆ ಊರಿಗೆ ಬಂದು, ತಾನಾಗಿಯೇ "ಮಾಮನ್ನೇ ಮಾಡ್ಕೋತೀನಿ" ಎಂದಳು. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನಲ್ಲಿ ಗ್ರಾಮದೇವತೆ ಸಪ್ಪಲಮ್ಮನ ಮುಂದೆಯೇ ತಾಳಿ ಕಟ್ಟಿದೆ. ಸ್ವಲ್ಪ ದಿನ ಜೊತೆಗಿದ್ದು ಅವಳು ಕೆಲಸಕ್ಕೆ ವಾಪಸು ಹೋದಳು.

ಅಲ್ಲಿನ ಕಾನೂನಿನ ಪ್ರಕಾರ ಹೆಂಡತಿಯೇ ಜವಾಬ್ದಾರಿ ಹೊತ್ತು ಗಂಡನನ್ನು ಕರೆಸಿಕೊಳ್ಳಬೇಕು. ಸ್ಪಾನ್ಸರ್ ಮಾಡುವುದು ಎನ್ನುತ್ತಾರೆ. ಸುದ್ದಿ ಟೀ ಅಂಗಡಿಗೂ ಮುಟ್ಟಿತು. "ಏನ್ಲಾ, ಹೆಂಡ್ತಿ ಸೆರಗು ಇಡ್ಕೊಂಡು ಫಾರಿನ್‌ಗೆ ಓಯ್ತೀಯಂತೆ? ಅಲ್ಲೂ ಮೋಟಾರ್ ಬಿಚ್ತೀಯೋ, ಇಲ್ಲ ಪಾತ್ರೆ ತೊಳೀತೀಯೋ?" ಎಂದು ಗೆಳೆಯನೊಬ್ಬ ಕೆಣಕಿದ. "ನನ್ ಹೆಂಡ್ತಿ ಪಾತ್ರೆ, ನಾನ್ ತೊಳೀತೀನಿ. ನಿಂಗೇನು?" ಎಂದು ಎದ್ದು ಬಂದೆ. ಆದರೂ ಆ ಮಾತು ಒಳಗೆ ಕುಟುಕುತ್ತಲೇ ಇತ್ತು.

ಕೆಜಿಎಫ್‌ನಲ್ಲಿ ಒಬ್ಬ ಏಜೆಂಟ್ ಇದ್ದಾನೆಂದು ತಿಳಿದು ಅಕ್ಕನನ್ನು ಕರೆದುಕೊಂಡು ಹೋದೆ. ಅವನು ಎರಡು ದಾರಿ ಹೇಳಿದ. ಒಂದು, ಇಲ್ಲೇ ಇದ್ದುಕೊಂಡು ಅರ್ಜಿ ಹಾಕುವುದು. ತಡವಾಗುತ್ತದೆ, ಹೆರಿಗೆಗೆ ಹೋಗಲು ಆಗುವುದಿಲ್ಲ. ಆದರೆ ಅವರು ಅರ್ಜಿ ತಳ್ಳಿಹಾಕಿದರೆ ಅಪೀಲು ಹೋಗಬಹುದು. ಇನ್ನೊಂದು, ಟೂರಿಸ್ಟ್ ವೀಸಾದಲ್ಲಿ ಹೋಗಿ ಹೆಂಡತಿಯ ಜೊತೆ ಇದ್ದುಕೊಂಡು ಅಲ್ಲಿಂದಲೇ ಹಾಕುವುದು. ಕೆಲಸಕ್ಕೂ ಪರ್ಮಿಟ್ ಸಿಗುತ್ತದೆ. ಆದರೆ ಅಪೀಲು ಇಲ್ಲ, ನಡುವೆ ಊರಿಗೆ ಬಂದರೆ ಮತ್ತೆ ಒಳಗೆ ಬಿಡುತ್ತಾರೆಂಬ ಭರವಸೆಯೂ ಇಲ್ಲ.

"ಎರಡನೇದೇ ಮಾಡೋಣ," ಎಂದ ಏಜೆಂಟ್. "ವೀಸಾ ಕೇಳುವಾಗ ಹೆಂಡ್ತಿ ಅಲ್ಲಿ ಅವ್ಳೆ ಅಂತ ಹೇಳ್ಬೇಡಿ, ಊರು ನೋಡಕ್ಕೆ ಅನ್ನಿ. ಆಮೇಲಿನ ಅರ್ಜೀಲಿ, ಮದ್ವೆಗೆ ಮುಂಚೆ ರಕ್ತಸಂಬಂಧ ಇತ್ತಾ ಅಂತ ಕೇಳ್ತಾರೆ. ಇಲ್ಲ ಅಂತ ಹಾಕಿ. ಅಕ್ಕನ ಮಗಳು ಅಂದ್ರೆ ಬಿಳಿಯರಿಗೆ ತಲೆ ಕೆಡ್ತದೆ."

ನನಗೆ ಮೈ ಉರಿಯಿತು. ಆದರೆ ಬಸ್ಸಿನಲ್ಲಿ ಅಕ್ಕ, "ಏನಾದ್ರೂ ಬರ್ಕೊಳ್ಲಿ ಬಿಡ್ಲಾ. ಬಸುರಿ ಎಂಗ್ಸು ಒಬ್ಬಳೇ ಅವಳೆ. ಮೊದ್ಲು ನೀನು ಓಗು," ಎಂದು ಕಣ್ಣೊರೆಸಿಕೊಂಡಳು. ಹೆರಿಗೆಯ ಹೊತ್ತಿಗೆ ಹತ್ತಿರ ಇರಬೇಕೆಂಬ ಆಸೆ ನನಗಿರಲಿಲ್ಲವೇ? ಹೂವು ಕೇಳೋಣ ಎಂದೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಗುಡಿಗೆ ಹೋದೆವು. ಪೂಜಾರಿ ವೆಂಕಟಪ್ಪ ತಾತ ಅಮ್ಮನ ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂವು ಅಂಟಿಸಿದರು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಬೇಡ. ಕೇಳುವ ಮುಂಚೆ ನಾವು ಯಾರು ಎಂದು ಅಮ್ಮನಿಗೆ ಬಾಯಿಬಿಟ್ಟು ಹೇಳುವುದು ನಮ್ಮ ಗುಡಿಯ ಪದ್ಧತಿ. "ನಾನು ಮುನಿಯಪ್ಪನ ಮಗ, ರತ್ನಮ್ಮನ ತಮ್ಮ, ಅವಳ ಮಗಳು ಶೈಲನ ಗಂಡ," ಎಂದೆ. ಏಜೆಂಟ್ ಹೇಳಿದ ದಾರಿಯಲ್ಲಿ ಹೋಗಲೇ ಎಂದು ಮನಸ್ಸಿನಲ್ಲಿ ಕೇಳಿಕೊಂಡೆ.

ಹೂವು ಅಲುಗಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಅಕ್ಕ ಕರ್ಪೂರದ ಮೇಲೆ ಕರ್ಪೂರ ಹಚ್ಚಿದಳು. ಹೌದೂ ಇಲ್ಲ, ಬೇಡವೂ ಇಲ್ಲ.

"ಏನ್ ಕೇಳ್ದೆ?" ಎಂದರು ತಾತ. ಎಲ್ಲ ಹೇಳಿದೆ.

"ಅಲ್ಲಲಾ, ಈಗ ತಾನೇ ಅಮ್ಮನ ತಾವ ರತ್ನಮ್ಮನ ತಮ್ಮ ಅಂದೆ. ಅಲ್ಲಿ ಓಗಿ ಅಲ್ಲ ಅಂತೀಯಾ? ಇಬ್ರಲ್ಲಿ ಯಾವನಿಗೆ ಹೂವು ಕೊಡ್ಬೇಕು ಅವ್ಳು?"

ನಾನು ಅಕ್ಕನ ಕಡೆ ನೋಡದೆ ಮತ್ತೆ ಕೇಳಿದೆ: ತಾಯಿ, ಇದ್ದದ್ದು ಇದ್ದಂತೆ ಹೇಳಿ, ಇಲ್ಲಿಂದಲೇ ಅರ್ಜಿ ಹಾಕಿ ಕಾಯುತ್ತೇನೆ. ಶೈಲಳನ್ನು ನೀನೇ ನೋಡಿಕೋ. ಬಲಗಡೆಯ ಹೂವು ಜಾರಿ ಅಮ್ಮನ ಪಾದದ ಮೇಲೆ ಬಿತ್ತು.

ಶೈಲಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಆಯ್ತು ಮಾಮ. ನಾನೂ ಯಾರ ಹತ್ರಾನೂ ಸುಳ್ಳು ಹೇಳಿ ಬದುಕಿಲ್ಲ," ಎಂದಳು. ಶಿವರಾತ್ರಿ ಕಳೆದ ಮೇಲೆ ಸ್ಪಾನ್ಸರ್ ಮಾಡುವವಳು ಅವಳಾದ್ದರಿಂದ ಅರ್ಜಿಯನ್ನು ಅಲ್ಲಿಂದ ಅವಳೇ ತುಂಬಿದಳು. ರಕ್ತಸಂಬಂಧ ಉಂಟು, ತಾಯಿಯ ತಮ್ಮ, ನಮ್ಮ ಕಡೆಯ ಪದ್ಧತಿ ಎಂದು ಬರೆದಳು. ಯುಗಾದಿ ಆದ ಮೇಲೆ ಅಕ್ಕನೂ ಬಾಣಂತನಕ್ಕೆ ಹೋಗಿಬರಲು ಬಂಗಾರಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ವೀಸಾಕ್ಕೆ ಹಾಕಿಸಿದಳು.

ಅಷ್ಟರಲ್ಲಿ ಶೈಲಳಿಗೆ ಬಿಪಿ ಏರಿತು. ಕಾಲು ಊದಿಕೊಂಡು ಆಸ್ಪತ್ರೆಗೆ ಸೇರಿಸಿದರು. ವಿಡಿಯೋದಲ್ಲಿ ಅವಳ ಮುಖ ನೋಡುತ್ತಾ, ಮೋಟಾರಿಗೆ ಸುತ್ತುತ್ತಿದ್ದ ತಾಮ್ರದ ತಂತಿ ಗೋಜಲು ಮಾಡಿಕೊಂಡೆ. "ಹೂವ ನಂಬ್ಕೊಂಡು ನನ್ ಮಗಳನ್ನ ಅಲ್ಲಿ ಒಂಟಿ ಮಾಡ್ಬಿಟ್ಟೆ," ಎಂದು ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತೇನೋ ಎಂದು ನನಗೂ ಅನ್ನಿಸಿತು. ಗುಡಿಯ ಮುಂದೆ ಹೋದರೂ ಒಳಗೆ ಕಾಲಿಡಲು ಮನಸ್ಸು ಬರಲಿಲ್ಲ.

ಮಾತು ಬಿಟ್ಟಿದ್ದ ಅಕ್ಕ ಒಂದು ದಿನ ಅಂಗಡಿಗೆ ಓಡಿ ಬಂದಳು. ವೀಸಾ ಆಫೀಸಿನಿಂದ ಮೇಲ್ ಬಂದಿತ್ತು: ನೀವು ತಮ್ಮ ಎಂದು ಬರೆದಿರುವವರು, ನಿಮ್ಮ ಮಗಳು ಗಂಡನೆಂದು ಸ್ಪಾನ್ಸರ್ ಮಾಡಿರುವವರು, ಇಬ್ಬರೂ ಒಬ್ಬರೇ? ವಿವರಿಸಿ.

"ಸಿಕ್ಕಾಕ್ಕೊಂಡ್ವಿ ಕಣ್ಲಾ," ಎಂದಳು. "ತಮ್ಮಂದಿರು ಯಾರು ಅಂತ ಸೆಂಟರ್‌ನಲ್ಲಿ ಕೇಳಿದ್ರು. ನಿನ್ ಎಸ್ರು ಏಳ್ಬಿಟ್ಟೆ."

ನಾನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟೆ. ಆಗ ಹೊಳೆಯಿತು. ಏಜೆಂಟ್ ಮಾತು ಕೇಳಿ ನಾನು ಸಂಬಂಧವಿಲ್ಲ ಎಂದು ಬರೆಸಿದ್ದರೆ, ಅಕ್ಕನ ಬಾಯಿಂದ ಸಹಜವಾಗಿ ಬಂದ ಆ ಒಂದು ನಿಜ ನಮ್ಮೆಲ್ಲರನ್ನೂ ಸುಳ್ಳರನ್ನಾಗಿ ಮಾಡುತ್ತಿತ್ತು. ಅವಳ ವೀಸಾ ಹೋಗುತ್ತಿತ್ತು, ವರ್ಷಗಟ್ಟಲೆ ನನಗೂ ಬಾಗಿಲು ಮುಚ್ಚುತ್ತಿತ್ತು.

"ಎಲ್ಲಕ್ಕಾ ಸಿಕ್ಕಾಕ್ಕೊಂಡ್ವಿ? ನಾವೂ ಅದನ್ನೇ ಬರ್ದಿರೋದು. ಊಂ, ಒಬ್ಬನೇ ಅಂತ ಕಳ್ಸು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಮದುವೆಯ ಫೋಟೋಗಳ ಜೊತೆ ಉತ್ತರ ಕಳಿಸಿದೆವು. ಕೆಲವೇ ದಿನಗಳಲ್ಲಿ ಅಕ್ಕನಿಗೆ ವೀಸಾ ಬಂತು. ರಾಗಿಹಿಟ್ಟು, ಬಾಣಂತಿ ಖಾರ ಕಟ್ಟಿಕೊಂಡು ಹೋದ ಅಕ್ಕ ಮಗಳ ಪಕ್ಕದಲ್ಲಿ ಕೂತಳು. ಆಷಾಢದಲ್ಲಿ ಹೆಣ್ಣು ಮಗು ಆಯಿತು. ನಾನು ಆಗ ಕ್ಯಾಸಂಬಳ್ಳಿ ಬಸ್ಸಿನಲ್ಲಿದ್ದೆ. ಫೋನಿನಲ್ಲಿ ಅಳು ಕೇಳಿ, ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ಕೂತಿದ್ದ ಗುರುತಿಲ್ಲದ ಅಜ್ಜಿಗೂ ಕೇಳಿಸಿದೆ.

ಈ ಸಂಕ್ರಾಂತಿ ಕಳೆದ ಮೇಲೆ ನನ್ನ ಅರ್ಜಿಯೂ ಮಂಜೂರಾಯಿತು. ಅಲ್ಲಿಗೆ ಹೋಗಿ ಅರ್ಜಿ ಹಾಕುವುದೂ ನೇರವಾದ ದಾರಿಯೇ, ಹಾಗೆ ಹೋದವರನ್ನು ನಾನು ಆಡಿಕೊಳ್ಳುವುದಿಲ್ಲ. ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ: ಯಾವ ದಾರಿಯಲ್ಲಿ ಹೋದರೂ, ತಾಯಿಯ ಮುಂದೆ ಹೇಳಿದ್ದನ್ನೇ ಎಲ್ಲ ಕಡೆಯೂ ಹೇಳಿ. ಬೇಡಿದ್ದನ್ನು ತಡೆಹಿಡಿಯುವಾಗಲೂ ಅವಳು ನಮ್ಮ ಕಡೆಯೇ ನೋಡುತ್ತಿರುತ್ತಾಳೆ.

ನಿನ್ನೆ ಪಾಸ್‌ಪೋರ್ಟ್ ಹಿಡಿದು ಗುಡಿಗೆ ಹೋಗಿದ್ದೆ. ವೆಂಕಟಪ್ಪ ತಾತ ಹೂವು ನೀರಿಗೆ ಅದ್ದುತ್ತಾ, "ಏನ್ ಕೇಳ್ತೀಯಪ್ಪಾ?" ಎಂದರು.

"ಏನೂ ಕೇಳಲ್ಲ ತಾತ. ಹೇಳಿ ಓಗಣಾ ಅಂತ ಬಂದೆ."

ಅಮ್ಮನ ಎದುರು ನಿಂತು ಗಟ್ಟಿಯಾಗಿ ಹೇಳಿದೆ: ನಾನು ಮುನಿಯಪ್ಪನ ಮಗ, ರತ್ನಮ್ಮನ ತಮ್ಮ, ಅವಳ ಮಗಳು ಶೈಲನ ಗಂಡ, ಇನ್ನೂ ನಾನು ಎತ್ತಿಕೊಳ್ಳದ ಒಂದು ಕೂಸಿನ ಅಪ್ಪ.